ಮೈಲಿನ್‌ಗೆ ಅಳತೆಗೋಲು: ಎಂಆರ್‌ಐ ನಿಜಕ್ಕೂ ಏನನ್ನು ಎಣಿಸುತ್ತದೆ?

ಮಲ್ಟಿಪಲ್ ಸ್ಕ್ಲೀರೋಸಿಸ್ ಇರುವ ರೋಗಿಯ ಎಂಆರ್‌ಐ ಚಿತ್ರದಲ್ಲಿ, ಮಿದುಳಿನ ಒಳಭಾಗದಲ್ಲಿ ಬಿಳಿ ಮಚ್ಚೆಯೊಂದು ಕಾಣುತ್ತದೆ. ಅಲ್ಲಿ ಊತ ಬಂದು ನೀರು ತುಂಬಿಕೊಂಡಿರಬಹುದು. ನರತಂತುಗಳನ್ನು ಸುತ್ತಿಕೊಂಡಿದ್ದ ಮೈಲಿನ್ ಹೊದಿಕೆ ಕಳಚಿ ಹೋಗಿರಬಹುದು. ಕಳಚಿದ್ದು ಮತ್ತೆ ತೆಳುವಾಗಿ ಕಟ್ಟಿಕೊಂಡಿರಲೂಬಹುದು. ಅಥವಾ ಹೊದಿಕೆಯ ಜೊತೆಗೆ ತಂತುಗಳೂ ಸತ್ತು ಬರೀ ಕಲೆ ಉಳಿದಿರಬಹುದು. ಈ ನಾಲ್ಕೂ ಸ್ಥಿತಿಗಳಲ್ಲಿ ಮಚ್ಚೆ ಹೆಚ್ಚುಕಡಿಮೆ ಒಂದೇ ಥರ ಬೆಳ್ಳಗಿರುತ್ತದೆ. ರೋಗಿಯ ಮುಂದಿನ ಬದುಕಿನ ಮಟ್ಟಿಗೆ ಮಾತ್ರ ನಾಲ್ಕಕ್ಕೂ ಅಜಗಜಾಂತರ.

ಸಾಮಾನ್ಯ ಎಂಆರ್‌ಐ ಕೊಡುವುದು ಬೂದು ಛಾಯೆಗಳನ್ನು. ಪಕ್ಕದ ಭಾಗಕ್ಕಿಂತ ಇದು ಬೆಳ್ಳಗಿದೆ, ಅದು ಕಪ್ಪಗಿದೆ ಎಂದಷ್ಟೇ ಅದು ಹೇಳಬಲ್ಲದು. ಅದೇ ರೋಗಿ ನಾಳೆ ಬೇರೆ ಊರಿನ ಬೇರೆ ಯಂತ್ರದಲ್ಲಿ ಮಲಗಿದರೆ ಛಾಯೆಯ ಅಂಕಿ ಬದಲಾಗುತ್ತದೆ. ಪರಿಮಾಣಾತ್ಮಕ ಎಂಆರ್‌ಐ ಎಂಬ ಶಾಖೆ ಹುಟ್ಟಿದ್ದು ಈ ಕೊರತೆಯಿಂದ. ಛಾಯೆಯ ಬದಲು ಸೆಕೆಂಡು, ಶೇಕಡಾ, ಹರ್ಟ್ಸ್‌ಗಳಲ್ಲಿ ಉತ್ತರ ಕೊಡಬೇಕು, ಆ ಉತ್ತರ ಯಂತ್ರದ ಗುಣವಾಗಿರದೆ ಅಂಗಾಂಶದ ಗುಣವಾಗಿರಬೇಕು ಎಂಬುದು ಅದರ ಹಟ. ಈ ಶಾಖೆಯಲ್ಲಿ ಅತಿ ಹೆಚ್ಚು ವಾದವಿವಾದ ನಡೆದಿರುವುದು ಮೈಲಿನ್ ಸುತ್ತ. ಬದುಕಿರುವ ಮನುಷ್ಯನ ಮಿದುಳಿನಲ್ಲಿ, ತಲೆಬುರುಡೆ ತೆರೆಯದೆ, ಮೈಲಿನ್ ಇಷ್ಟಿದೆ ಎಂದು ಹೇಳಬಹುದೇ? ಹೌದು ಎನ್ನುವ ಪಂಥಗಳು ಆರೇಳಿವೆ. ಒಬ್ಬರ ಅಂಕಿ ಇನ್ನೊಬ್ಬರ ಅಂಕಿಯೊಂದಿಗೆ ಪೂರ್ತಿ ಕೂಡಿಬರುವುದಿಲ್ಲ.

ಬಣ್ಣ ಹಾಕಿ ನೋಡಿದ ಕಾಲ

ಮೈಲಿನ್‌ಗೆ ಆ ಹೆಸರಿಟ್ಟವರು ಜರ್ಮನಿಯ ರುಡಾಲ್ಫ್ ವಿರ್ಕೊ, 1854ರಲ್ಲಿ. ಅದು ನಡುನಡುವೆ ಬಿಟ್ಟುಬಿಟ್ಟು ಇರುತ್ತದೆ ಎಂಬುದನ್ನು 1870ರ ದಶಕದಲ್ಲಿ ಲೂಯಿ ರಾನ್ವಿಯೆ ತೋರಿಸಿದರು. ಆ ತೆರಪುಗಳಿಗೆ ಇಂದಿಗೂ ಅವರದೇ ಹೆಸರು. ಪ್ಯಾರಿಸ್‌ನಲ್ಲಿ ಜ್ಯಾಂ ಮಾರ್ತಾಂ ಶಾರ್ಕೊ 1868ರಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ ಅನ್ನು ಪ್ರತ್ಯೇಕ ರೋಗವೆಂದು ವಿವರಿಸಿದಾಗಲೇ, ಗಟ್ಟಿಗಟ್ಟಿದ ಕಲೆಗಳಲ್ಲಿ ಮೈಲಿನ್ ಹೋಗಿ ತಂತು ಉಳಿದಿರುವುದನ್ನು ಗಮನಿಸಿದ್ದರು. ಮಿದುಳಿನೊಳಗೆ ಮೈಲಿನ್ ತಯಾರಿಸುವ ಆಲಿಗೋಡೆಂಡ್ರೋಸೈಟ್ ಕೋಶವನ್ನು ಸ್ಪೇನಿನ ಪಿಯೊ ದೆಲ್ ರಿಯೊ ಓರ್ತೆಗಾ 1921ರಲ್ಲಿ ಗುರುತಿಸಿದರು. ಈ ಹೊದಿಕೆ ತಂತುವಿನಿಂದ ಒಸರಿದ ಕೊಬ್ಬಲ್ಲ, ಬೇರೊಂದು ಕೋಶ ತನ್ನ ಪೊರೆಯನ್ನೇ ತಂತುವಿನ ಸುತ್ತ ಸುರುಳಿಯಾಗಿ ಸುತ್ತಿದ್ದು ಎಂಬುದು ಬೆಟ್ಟಿ ಬೆನ್ ಗೆರೆನ್ 1954ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಚಿತ್ರಗಳಿಂದ ಖಚಿತವಾಯಿತು.

ಈ ಸುರುಳಿಯ ಫಲ ವೇಗ. ಹೊದಿಕೆಯಿಲ್ಲದ ನರತಂತುವಿನಲ್ಲಿ ಸಂಕೇತ ಸೆಕೆಂಡಿಗೆ ಒಂದೆರಡು ಮೀಟರ್ ತೆವಳುತ್ತದೆ. ದಪ್ಪ ಹೊದಿಕೆಯ ದೊಡ್ಡ ತಂತುವಿನಲ್ಲಿ ಅದು ತೆರಪಿನಿಂದ ತೆರಪಿಗೆ ಜಿಗಿಯುತ್ತಾ 100 ಮೀಟರ್ ದಾಟಬಲ್ಲದು. ಈ ಜಿಗಿತಕ್ಕೆ ಹಕ್ಸ್‌ಲಿ ಮತ್ತು ಸ್ಟೆಂಪ್ಲಿ 1949ರಲ್ಲಿ ಪ್ರಾಯೋಗಿಕ ಪುರಾವೆ ಕೊಟ್ಟರು.

ನಮ್ಮ ಪ್ರಶ್ನೆಗೆ ತೀರಾ ಹತ್ತಿರವಾದ ಪೂರ್ವಜರೆಂದರೆ ಲೈಪ್ಜಿಗ್‌ನ ಪಾಲ್ ಫ್ಲೆಕ್ಸಿಗ್. ಭ್ರೂಣಗಳ ಮತ್ತು ಎಳೆಮಕ್ಕಳ ಮೃತ ಮಿದುಳುಗಳಿಗೆ ಬಣ್ಣ ಹಾಕಿ, ಮೈಲಿನ್ ಯಾವ ಭಾಗಕ್ಕೆ ಮೊದಲು ಬರುತ್ತದೆ, ಯಾವುದಕ್ಕೆ ಕೊನೆಗೆ ಬರುತ್ತದೆ ಎಂದು ಅವರು ನಕ್ಷೆ ಬರೆದರು. ಚಲನೆ, ಸ್ಪರ್ಶ, ದೃಷ್ಟಿಯ ಹಾದಿಗಳು ಮೊದಲು. ಆಲೋಚನೆ, ಭಾಷೆ, ಯೋಜನೆಗಳಿಗೆ ಸಂಬಂಧಿಸಿದ ಭಾಗಗಳು ತಡವಾಗಿ. ಈ ಕ್ರಮ ಇಂದಿಗೂ ಮೂಲತಃ ನಿಂತಿದೆ. ಒಂದೊಂದು ಮಿದುಳಿಗೂ ಒಂದೇ ಸಲ ಬಣ್ಣ ಹಾಕಬಹುದಿತ್ತು, ಅದೂ ಸಾವಿನ ನಂತರ. ಒಂದೇ ಮಗು ಬೆಳೆಯುತ್ತಾ ಹೋಗುವುದನ್ನು ನೋಡುವ ದಾರಿ ಫ್ಲೆಕ್ಸಿಗ್‌ಗೆ ಇರಲಿಲ್ಲ. ಪಾಲ್ ಲಾಟರ್ಬರ್ 1973ರಲ್ಲಿ ಕಾಂತೀಯ ಅನುರಣನದಿಂದ ಚಿತ್ರ ಮಾಡಬಹುದೆಂದು ತೋರಿಸಿ, 1981ರಲ್ಲಿ ಲಂಡನ್ನಿನ ತಂಡವೊಂದು ಮಲ್ಟಿಪಲ್ ಸ್ಕ್ಲೀರೋಸಿಸ್ ಮಚ್ಚೆಗಳನ್ನು ಜೀವಂತ ರೋಗಿಗಳಲ್ಲಿ ಕಾಣಿಸಿದ ಮೇಲೆ ಆ ದಾರಿ ತೆರೆಯಿತು.

ಸ್ಕ್ಯಾನರ್‌ಗೆ ಮೈಲಿನ್ ಏಕೆ ಕಾಣುವುದಿಲ್ಲ

ಎಂಆರ್‌ಐ ಕೇಳಿಸಿಕೊಳ್ಳುವುದು ಹೈಡ್ರೋಜನ್ ಪ್ರೋಟಾನ್‌ಗಳ ದನಿಯನ್ನು. ಮೈಲಿನ್‌ನ ತೇವಾಂಶ ತೆಗೆದರೆ ಉಳಿಯುವುದರಲ್ಲಿ ಶೇ. 70ಕ್ಕೂ ಹೆಚ್ಚು ಕೊಬ್ಬು: ಕೊಲೆಸ್ಟರಾಲ್, ಫಾಸ್ಫೊಲಿಪಿಡ್, ಗ್ಯಾಲಕ್ಟೊಸೆರೆಬ್ರೊಸೈಡ್. ಮಿಕ್ಕಿದ್ದು ಪ್ರೋಟೀನು. ಇವುಗಳಲ್ಲೂ ಬೇಕಾದಷ್ಟು ಹೈಡ್ರೋಜನ್ ಇದೆ. ಆದರೆ ಪೊರೆಯಲ್ಲಿ ಬಿಗಿಯಾಗಿ ಕುಳಿತ ಅಣುಗಳ ಸಂಕೇತ ಮೈಕ್ರೊಸೆಕೆಂಡುಗಳಿಂದ ಹೆಚ್ಚೆಂದರೆ ಒಂದು ಮಿಲಿಸೆಕೆಂಡಿನೊಳಗೆ ಅಡಗುತ್ತದೆ. ಆಸ್ಪತ್ರೆಯ ಸ್ಕ್ಯಾನರ್ ಕಿವಿಗೊಡಲು ಶುರುಮಾಡುವುದೇ ಹಲವು ಮಿಲಿಸೆಕೆಂಡುಗಳ ನಂತರ. ಅಷ್ಟರಲ್ಲಿ ಮಾತಾಡುತ್ತಿರುವುದು ನೀರು ಮಾತ್ರ.

ಹಾಗಾಗಿ ನಾವು ನೋಡುವ ಮಿದುಳಿನ ಚಿತ್ರವೆಂದರೆ ನೀರಿನ ಚಿತ್ರ. ಮೈಲಿನ್‌ನ ಇರವನ್ನು ಅದು ನೀರಿನ ವರ್ತನೆಯ ಮೇಲೆ ಬಿಟ್ಟುಹೋದ ಗುರುತುಗಳಿಂದ ಊಹಿಸಬೇಕು. ಊಟ ಮುಗಿದ ಮೇಲೆ ಬಾಳೆಲೆ ಎಣಿಸಿ ಉಂಡವರ ಲೆಕ್ಕ ಹಾಕಿದಂತೆ: ಲೆಕ್ಕ ಬಹುಪಾಲು ಸರಿಬರಬಹುದು, ಆದರೂ ಎಣಿಸಿದ್ದು ಎಲೆಯನ್ನು. ಪಂಥಗಳ ನಡುವಿನ ಭೇದವೆಲ್ಲ ಯಾವ ಗುರುತನ್ನು ನಂಬಬೇಕು ಎಂಬುದರ ಮೇಲೆ ನಿಂತಿದೆ. ಮೈಲಿನ್ ನಕ್ಷೆ ಎಂಬ ತಲೆಬರಹ ಹೊತ್ತ ಯಾವ ಚಿತ್ರವನ್ನು ನೋಡಿದರೂ ಇದು ಯಾವ ಗುರುತಿನ ಲೆಕ್ಕ, ಆ ಗುರುತು ಇನ್ನಾವ ಕಾರಣಕ್ಕೆ ಬದಲಾಗಬಹುದು ಎಂದು ಮೊದಲು ಕೇಳಬೇಕು ಎಂಬುದು ನನ್ನ ನಿಲುವು. ಮುಂದಿನ ಪುಟಗಳನ್ನು ಆ ಕಣ್ಣಿನಿಂದಲೇ ಬರೆದಿದ್ದೇನೆ.

ಪದರಗಳ ನಡುವಿನ ನೀರು

ಮೈಲಿನ್‌ನ ತೂಕದಲ್ಲಿ ಸುಮಾರು ಶೇ. 40ರಷ್ಟು ನೀರು. ಪೊರೆಯ ಸುತ್ತುಗಳ ನಡುವಿನ ಕೆಲವೇ ನ್ಯಾನೊಮೀಟರ್ ಅಗಲದ ಸಂದಿಗಳಲ್ಲಿ ಅದು ಸಿಕ್ಕಿಕೊಂಡಿದೆ. ಹೀಗೆ ಇಕ್ಕಟ್ಟಿನಲ್ಲಿರುವ ನೀರಿನ ಸಂಕೇತ ಬೇಗ ಕ್ಷೀಣಿಸುತ್ತದೆ. ಈ ಕ್ಷೀಣತೆಯ ಕಾಲಮಾನಕ್ಕೆ ಟಿ-2 ಎನ್ನುತ್ತಾರೆ. ಮೈಲಿನ್ ಒಳಗಿನ ನೀರಿನ ಟಿ-2 ಸುಮಾರು 10ರಿಂದ 40 ಮಿಲಿಸೆಕೆಂಡು. ಕೋಶಗಳ ಒಳಗೆ ಮತ್ತು ಅವುಗಳ ನಡುವೆ ಇರುವ ನೀರಿನದು 70ರಿಂದ 100ರ ಆಸುಪಾಸು. ಮಿದುಳುಬಳ್ಳಿಯ ದ್ರವದ್ದು ಒಂದು ಸೆಕೆಂಡಿಗೂ ಮೇಲೆ. ಒಂದೇ ಜಾಗದಿಂದ ಸಾಲಾಗಿ 32 ಪ್ರತಿಧ್ವನಿಗಳನ್ನು ದಾಖಲಿಸಿ, ಒಟ್ಟು ಸಂಕೇತವನ್ನು ಈ ಪಾಲುಗಳಾಗಿ ಬಿಡಿಸಿದರೆ, ಬೇಗ ಅಡಗುವ ಪಾಲು ಎಷ್ಟೆಂಬುದು ಸಿಗುತ್ತದೆ. ಅದೇ ಮೈಲಿನ್ ನೀರಿನ ಪಾಲು.

ನರಗಳಲ್ಲಿ ಹೀಗೆ ಹಲವು ಕಾಲಮಾನಗಳ ನೀರು ಇದೆ ಎಂಬುದು ಕಪ್ಪೆಯ ನರದಲ್ಲಿ 1970ರ ದಶಕದಲ್ಲೇ ತಿಳಿದಿತ್ತು. ಅದನ್ನು ಬದುಕಿರುವ ಮನುಷ್ಯರ ಮಿದುಳಿನಲ್ಲಿ ಚಿತ್ರವಾಗಿ ತೋರಿಸಿದ್ದು 1994ರಲ್ಲಿ ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆಕ್ಸ್ ಮ್ಯಾಕೇ ತಂಡ. ಆರೋಗ್ಯವಂತರ ಬಿಳಿ ದ್ರವ್ಯದಲ್ಲಿ, ಅಂದರೆ ಮೈಲಿನ್ ಸುತ್ತಿದ ತಂತುಗಳೇ ತುಂಬಿರುವ ಭಾಗದಲ್ಲಿ, ಈ ಪಾಲು ಸುಮಾರು ಶೇ. 10. ಅದೇ ಗುಂಪಿನ ಕಾರ್ನೀಲಿಯಾ ಲಾಲೆ ಮತ್ತು ಸಂಗಡಿಗರು 2006ರಲ್ಲಿ ಮೃತ ರೋಗಿಗಳ ಮಿದುಳಿನ ತುಣುಕುಗಳನ್ನು ಸ್ಕ್ಯಾನ್ ಮಾಡಿ, ಬಳಿಕ ಮೈಲಿನ್‌ಗೆ ಹಾಕುವ ಲಕ್ಸಾಲ್ ಫಾಸ್ಟ್ ಬ್ಲೂ ಬಣ್ಣದೊಂದಿಗೆ ಹೋಲಿಸಿದರು. ಬಣ್ಣದ ಏರಿಳಿತದ ಮೂರನೇ ಎರಡು ಭಾಗ ನೀರಿನ ಪಾಲಿನ ಏರಿಳಿತದೊಂದಿಗೆ ಹೊಂದಿಕೊಂಡಿತು. ಅಂಗಾಂಶದ ಜೊತೆ ಮುಖಾಮುಖಿ ನಿಲ್ಲಿಸಿ ಪರೀಕ್ಷಿಸಿದ ಈ ಕೆಲಸದಿಂದಲೇ ಈ ಪಂಥಕ್ಕೆ ಇಷ್ಟು ಗೌರವ ಬಂದಿದೆ, ಅದು ಸಲ್ಲಬೇಕಾದದ್ದೇ.

ತೊಡಕುಗಳೂ ಇಲ್ಲಿಯೇ ಚೆನ್ನಾಗಿ ಬಯಲಾಗಿವೆ. ಒಂದು ಕ್ಷೀಣಿಸುವ ಗೆರೆಯನ್ನು ಹಲವು ಪಾಲುಗಳಾಗಿ ಬಿಡಿಸುವ ಗಣಿತ ತೀರಾ ಸೂಕ್ಷ್ಮ. ಸಂಕೇತದಲ್ಲಿ ಸ್ವಲ್ಪ ಗದ್ದಲ ಸೇರಿದರೂ ಉತ್ತರ ಬದಲಾಗುತ್ತದೆ. ನೀರು ಒಂದೇ ಕಡೆ ನಿಲ್ಲುವುದೂ ಇಲ್ಲ. ತೆಳು ಹೊದಿಕೆಯ ಸಣ್ಣ ತಂತುಗಳಲ್ಲಿ ಅಳತೆ ಮುಗಿಯುವುದರೊಳಗೆ ನೀರು ಒಳಗಿಂದ ಹೊರಗೆ ಹೋಗಿಬಿಡುತ್ತದೆ. ಇಲಿಯ ಬೆನ್ನುಹುರಿಯ ಮೇಲೆ ಕೆವಿನ್ ಹಾರ್ಕಿನ್ಸ್ ಮತ್ತು ಮಾರ್ಕ್ ಡಸ್ ತಂಡ 2012ರಲ್ಲಿ ತೋರಿಸಿದ್ದು ಇದನ್ನೇ: ಮೈಲಿನ್ ಇದ್ದರೂ ಲೆಕ್ಕ ಕಡಿಮೆ ಬರಬಹುದು. ರೋಗ ಕಳೆದು ಹೊಸದಾಗಿ ಕಟ್ಟಿಕೊಳ್ಳುವ ಮೈಲಿನ್ ತೆಳುವಾಗಿಯೇ ಇರುವುದರಿಂದ ಈ ತೊಡಕು ನಾವು ನೋಡಬೇಕೆಂದಿರುವ ಜಾಗಕ್ಕೇ ಬಂದು ಬಡಿಯುತ್ತದೆ. ಕಬ್ಬಿಣವೂ ಅಡ್ಡ ಬರುತ್ತದೆ. ಕ್ರಿಸ್ಟೋಫ್ ಬಿರ್ಕ್ಲ್ ಮತ್ತು ಸಂಗಡಿಗರು ಮೃತ ಮಿದುಳಿನ ತುಣುಕುಗಳಿಂದ ಕಬ್ಬಿಣವನ್ನು ತೆಗೆದುಹಾಕಿ ಮತ್ತೆ ಅಳೆದಾಗ ನೀರಿನ ಪಾಲು ಕಾಲುಭಾಗದಷ್ಟು ಕುಸಿಯಿತು. ಮೈಲಿನ್ ಎಷ್ಟಿತ್ತೋ ಅಷ್ಟೇ ಇತ್ತು.

ಇನ್ನೊಂದು ಎಚ್ಚರಿಕೆಯ ಮಾತು ಪ್ರಾಣಿಗಳ ಪ್ರಯೋಗದಿಂದ ಬಂದದ್ದು. ಬೆನ್ನುಹುರಿಯ ತಂತುಗಳನ್ನು ಕತ್ತರಿಸಿದ ಮೇಲೆ ಸತ್ತ ಮೈಲಿನ್ ಚೂರುಗಳು ವಾರಗಟ್ಟಲೆ ಅಲ್ಲೇ ಬಿದ್ದಿರುತ್ತವೆ. ಅವುಗಳ ಪದರಗಳಲ್ಲೂ ನೀರಿದೆ. ಸ್ಕ್ಯಾನರ್ ಅದನ್ನೂ ಮೈಲಿನ್ ಎಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಒಂದು ಅರ್ಥದಲ್ಲಿ ಅದು ಸುಳ್ಳಲ್ಲ, ವಸ್ತು ಅಲ್ಲಿದೆ. ಅದು ಯಾವ ತಂತುವನ್ನೂ ಸುತ್ತಿಲ್ಲ, ಯಾವ ಸಂಕೇತವನ್ನೂ ಓಡಿಸುತ್ತಿಲ್ಲ ಎಂಬುದು ಅಂಕಿಯಲ್ಲಿ ಕಾಣುವುದಿಲ್ಲ.

ಸಮಯ ಉಳಿಸಲು ಹೊರಟ ಬೇರೆ ದಾರಿಗಳೂ ಇವೆ. 2008ರಲ್ಲಿ ಶಾನ್ ಡಿಯೋನಿ ರೂಪಿಸಿದ ಎಂಸಿಡೆಸ್ಪಾಟ್ ಎಂಬ ವಿಧಾನ ಇಡೀ ಮಿದುಳನ್ನು ಬೇಗ ಅಳೆಯುತ್ತದೆ. ನಿದ್ದೆಹೋದ ಕೂಸುಗಳಲ್ಲಿ ಮೈಲಿನ್ ಬೆಳೆಯುವುದನ್ನು ಅದರಿಂದ ನೋಡಿದರು. ಫ್ಲೆಕ್ಸಿಗ್ ಹೇಳಿದ ಕ್ರಮವೇ ಜೀವಂತ ಮಕ್ಕಳಲ್ಲಿ ಮೂಡಿಬಂತು. ಆದರೆ ಈ ವಿಧಾನ ಕೊಡುವ ಪಾಲು ವ್ಯಾಂಕೂವರ್ ವಿಧಾನದ ಪಾಲಿಗಿಂತ ಬಹಳ ಹೆಚ್ಚು. ಒಂದೇ ದತ್ತಾಂಶಕ್ಕೆ ಹಲವು ಉತ್ತರಗಳು ಸಮನಾಗಿ ಹೊಂದುತ್ತವೆ ಎಂಬ ಆಕ್ಷೇಪವನ್ನು ಲ್ಯಾಂಕ್‌ಫರ್ಡ್ ಮತ್ತು ಡಸ್ 2013ರಲ್ಲಿ ಗಣಿತದ ಮೂಲಕವೇ ಎತ್ತಿದರು. ಬೆಳವಣಿಗೆಯ ಕ್ರಮವನ್ನು ತೋರಿಸಲು ಅದು ಸಾಕಿತ್ತು. ಇಷ್ಟು ಶೇಕಡಾ ಎಂದು ಹೇಳಲು ಸಾಲದು.

ಕಟ್ಟುಬಿದ್ದ ಪ್ರೋಟಾನ್‌ಗಳು

ಎರಡನೆಯ ಪಂಥ ಕಾಣದ ಪ್ರೋಟಾನ್‌ಗಳನ್ನೇ ಪರೋಕ್ಷವಾಗಿ ಮಾತಾಡಿಸುತ್ತದೆ. ಪೊರೆ ಮತ್ತು ಪ್ರೋಟೀನುಗಳಲ್ಲಿ ಕಟ್ಟುಬಿದ್ದ ಪ್ರೋಟಾನ್‌ಗಳಿಗೆ ಮಾತ್ರ ತಾಗುವಂಥ ರೇಡಿಯೊ ತರಂಗವನ್ನು ಹಾಯಿಸಿದರೆ, ಅವು ಕದಲಿ, ಆ ಪರಿಣಾಮವನ್ನು ಪಕ್ಕದ ನೀರಿಗೆ ದಾಟಿಸುತ್ತವೆ. ನೀರಿನ ಸಂಕೇತ ಅಷ್ಟರಮಟ್ಟಿಗೆ ಇಳಿಯುತ್ತದೆ. ಸ್ಟೀವನ್ ವುಲ್ಫ್ ಮತ್ತು ರಾಬರ್ಟ್ ಬಲಬಾನ್ 1989ರಲ್ಲಿ ಇದನ್ನು ಮೊದಲು ತೋರಿಸಿದ್ದು ಮಿದುಳಿನಲ್ಲಲ್ಲ, ಮೊಲದ ಮೂತ್ರಪಿಂಡದಲ್ಲಿ. ಮೂರೇ ವರ್ಷದಲ್ಲಿ ವಿನ್ಸೆಂಟ್ ದೂಸೆ ಅದನ್ನು ಮಲ್ಟಿಪಲ್ ಸ್ಕ್ಲೀರೋಸಿಸ್‌ಗೆ ತಂದರು. ತರಂಗ ಹಾಯಿಸಿದಾಗ ಮತ್ತು ಹಾಯಿಸದಾಗ ಸಂಕೇತ ಎಷ್ಟು ವ್ಯತ್ಯಾಸವಾಯಿತು ಎಂಬ ಅನುಪಾತ ಬೇಗ ಸಿಗುತ್ತದೆ, ಬಹುತೇಕ ಎಲ್ಲ ಯಂತ್ರಗಳಲ್ಲೂ ಸಾಧ್ಯ. ಹೀಗಾಗಿ ಔಷಧಿ ಪರೀಕ್ಷೆಗಳಲ್ಲಿ ಬಹುಕಾಲ ಇದೇ ಚಾಲ್ತಿಯಲ್ಲಿತ್ತು. ಲಂಡನ್ನಿನಲ್ಲಿ ಕ್ಲಾಸ್ ಶ್ಮೀರರ್ ತಂಡ 2004ರಲ್ಲಿ ಮೃತ ರೋಗಿಗಳ ಮಿದುಳುಗಳನ್ನು ಪರೀಕ್ಷಿಸಿ, ಅನುಪಾತ ಇಳಿದಲ್ಲಿ ಮೈಲಿನ್ ಕೂಡ ಇಳಿದಿರುವುದನ್ನು ಕಂಡಿತು.

ಈ ಅನುಪಾತದ ದೌರ್ಬಲ್ಯವೂ ನೀರೇ. ಊತದಿಂದ ನೀರು ಹೆಚ್ಚಾದರೆ, ಒಂದು ಸುತ್ತು ಮೈಲಿನ್ ಕಳೆಯದೆ ಅನುಪಾತ ಇಳಿಯುತ್ತದೆ. ಊತ ಇಳಿದಾಗ ಅನುಪಾತ ಏರುತ್ತದೆ, ನೋಡುವವರಿಗೆ ಮೈಲಿನ್ ಮರಳಿ ಬಂದಂತೆ ತೋರುತ್ತದೆ. ಮಾರ್ಕ್ ಹೆಂಕಲ್‌ಮನ್ 1993ರಲ್ಲಿ ಕೊಟ್ಟ ನೀರಿನ ಪ್ರೋಟಾನ್‌ಗಳನ್ನೂ ಕಟ್ಟುಬಿದ್ದವನ್ನೂ ಎರಡು ಕೊಳಗಳಾಗಿ ಕಾಣುವ ಗಣಿತ ಮಾದರಿಯಿಂದ ಕಟ್ಟುಬಿದ್ದ ಪ್ರೋಟಾನ್‌ಗಳ ಪಾಲನ್ನೇ ಬೇರ್ಪಡಿಸಿ ಅಳೆಯುವುದು ಸಾಧ್ಯವಾಯಿತು. ಅನುಪಾತದಿಂದ ಈ ಪಾಲಿಗೆ ಬಂದದ್ದು ನಿಜವಾದ ಮುನ್ನಡೆ ಎಂದು ನಾನು ಎಣಿಸುತ್ತೇನೆ. ಪರಿಮಾಣಾತ್ಮಕ ಎಂಬ ವಿಶೇಷಣಕ್ಕೆ ಅನುಪಾತ ಅರ್ಹವಲ್ಲ, ಪಾಲು ಅರ್ಹ. ಆದರೂ ಕಟ್ಟುಬಿದ್ದ ಪ್ರೋಟಾನ್ ಮೈಲಿನ್‌ನಲ್ಲಷ್ಟೇ ಇಲ್ಲ. ಎಲ್ಲ ಕೋಶಗಳಿಗೂ ಪೊರೆಯುಂಟು, ಪ್ರೋಟೀನುಂಟು. ಈ ಕೊರತೆಗೆ ಪರಿಹಾರವಾಗಿ ಗೋಪಾಲ್ ವರ್ಮ, ಡೇವಿಡ್ ಆಲ್ಸಪ್ ಮೊದಲಾದವರು 2015ರ ಸುಮಾರಿಗೆ ಮುಂದಿಟ್ಟ ವಿಧಾನ, ಪೊರೆಯಂತೆ ಸಾಲಾಗಿ ಜೋಡಿಸಿಕೊಂಡ ಕೊಬ್ಬಿನ ಅಣುಗಳಿಗೆ ಹೆಚ್ಚು ಸ್ಪಂದಿಸುತ್ತದೆ. ಸಂಕೇತ ಮಾತ್ರ ದುರ್ಬಲ.

ಟಿ-1 ಮತ್ತು ಒಂದು ಸುಲಭದ ಅನುಪಾತ

ಕದಲಿದ ಪ್ರೋಟಾನ್‌ಗಳು ಮೊದಲಿನ ಸ್ಥಿತಿಗೆ ಮರಳುವ ಕಾಲಮಾನ ಟಿ-1. 3 ಟೆಸ್ಲಾ ಯಂತ್ರದಲ್ಲಿ ಬಿಳಿ ದ್ರವ್ಯದ ಟಿ-1 ಸುಮಾರು 0.8ರಿಂದ 0.9 ಸೆಕೆಂಡು, ಬೂದು ದ್ರವ್ಯದ್ದು 1.3ಕ್ಕೂ ಹೆಚ್ಚು. ಈ ವ್ಯತ್ಯಾಸಕ್ಕೆ ಮೈಲಿನ್‌ನ ಕೊಬ್ಬು ಮುಖ್ಯ ಕಾರಣ ಎಂದು ಸೇಮರ್ ಕೋನಿಗ್ 1990ರ ಹೊತ್ತಿಗೇ ವಾದಿಸಿದ್ದರು. ಫ್ಲೆಕ್ಸಿಗ್‌ರ ಊರಾದ ಲೈಪ್ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ 2014ರಲ್ಲಿ ಕಾರ್ಸ್ಟೆನ್ ಸ್ಟ್ಯೂಬರ್ ಮತ್ತು ಸಂಗಡಿಗರು ಮೃತ ಮಿದುಳಿನ ತುಣುಕುಗಳಲ್ಲಿನ ಕಬ್ಬಿಣ, ಮೈಲಿನ್ ಎರಡನ್ನೂ ಅಳೆದು ಹೋಲಿಸಿದರು. ಬಿಳಿ ದ್ರವ್ಯದ ಟಿ-1 ವ್ಯತ್ಯಾಸವನ್ನು ಬಹುಪಾಲು ಮೈಲಿನ್ ನಿರ್ಧರಿಸುತ್ತದೆ, ಬೂದು ದ್ರವ್ಯದಲ್ಲಿ ಕಬ್ಬಿಣವೂ ಪಾಲುದಾರ ಎಂಬುದು ಅವರ ನಿರ್ಣಯ.

ಇದೇ ಹಾದಿಯಲ್ಲಿ ಮ್ಯಾಥ್ಯೂ ಗ್ಲಾಸರ್ ಮತ್ತು ಡೇವಿಡ್ ವ್ಯಾನ್ ಎಸ್ಸೆನ್ 2011ರಲ್ಲಿ ಒಂದು ಸುಲಭೋಪಾಯ ಸೂಚಿಸಿದರು. ದಿನನಿತ್ಯ ತೆಗೆಯುವ ಟಿ-1 ಚಿತ್ರವನ್ನು ಟಿ-2 ಚಿತ್ರದಿಂದ ಭಾಗಿಸಿದರೆ, ಮಿದುಳಿನ ಹೊರಪದರದಲ್ಲಿ ಮೈಲಿನ್ ದಟ್ಟವಾಗಿರುವ ದೃಷ್ಟಿ, ಶ್ರವಣ, ಸ್ಪರ್ಶ, ಚಲನೆಯ ಭಾಗಗಳು ಎದ್ದು ಕಾಣುತ್ತವೆ. 2016ರಲ್ಲಿ ಪ್ರತಿ ಅರ್ಧಗೋಳದ ಹೊರಪದರವನ್ನು 180 ಭಾಗಗಳಾಗಿ ಗುರುತಿಸಿದ ನಕ್ಷೆಗೆ ಇದು ಬಹಳ ನೆರವಾಯಿತು. ಗಡಿ ಗುರುತಿಸಲು ಇದು ಒಳ್ಳೆಯ ಸಾಧನ.

ಹೊಸದೇನನ್ನೂ ಸ್ಕ್ಯಾನ್ ಮಾಡಬೇಕಿಲ್ಲವಾದ್ದರಿಂದ ಎಲ್ಲರೂ ಇದನ್ನು ಎತ್ತಿಕೊಂಡು ಬಿಳಿ ದ್ರವ್ಯಕ್ಕೂ, ರೋಗಕ್ಕೂ, ವಯಸ್ಸಿಗೂ ಅನ್ವಯಿಸಿದರು. ಬಿಳಿ ದ್ರವ್ಯದಲ್ಲಿ ಈ ಅನುಪಾತ ಮೈಲಿನ್ ನೀರಿನ ಪಾಲಿನೊಂದಿಗೆ ಸರಿಯಾಗಿ ಹೊಂದುವುದಿಲ್ಲವೆಂದು 2017ರಿಂದೀಚೆಗೆ ಒಂದಾದಮೇಲೊಂದು ಅಧ್ಯಯನ ತೋರಿಸಿದೆ. ಅಂಗಾಂಶದ ಬಣ್ಣದೊಂದಿಗೂ ಹೊಂದುವುದಿಲ್ಲವೆಂದು 2023ರ ಅಧ್ಯಯನವೊಂದು ಹೇಳಿತು. ಹೀಗಿದ್ದೂ ಬಿಳಿ ದ್ರವ್ಯದ ಈ ಅನುಪಾತಕ್ಕೆ ಮೈಲಿನ್ ಎಂಬ ಹೆಸರಿಟ್ಟು ಪ್ರಕಟಿಸುವುದು ಓದುಗರಿಗೂ ರೋಗಿಗಳಿಗೂ ಮಾಡುವ ಅನ್ಯಾಯ.

ಕಬ್ಬಿಣ ಒಂದು ಕಡೆ, ಮೈಲಿನ್ ಇನ್ನೊಂದು ಕಡೆ

ಮಿದುಳಿನ ಕಬ್ಬಿಣ ಕಾಂತಕ್ಷೇತ್ರವನ್ನು ತುಸು ಬಲಪಡಿಸುತ್ತದೆ, ಮೈಲಿನ್ ತುಸು ತಗ್ಗಿಸುತ್ತದೆ. 7 ಟೆಸ್ಲಾ ಯಂತ್ರಗಳು ಬಂದ ಮೇಲೆ ಈ ಸೂಕ್ಷ್ಮ ವ್ಯತ್ಯಾಸ ಸ್ಪಷ್ಟವಾಗಿ ಕಾಣತೊಡಗಿತು. ತೊಂದರೆಯೇನೆಂದರೆ ಒಂದೇ ಬಿಂದುವಿನಲ್ಲಿ ಎರಡೂ ಇದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಆಲಿಗೋಡೆಂಡ್ರೋಸೈಟ್‌ಗಳೇ ಮಿದುಳಿನ ದೊಡ್ಡ ಕಬ್ಬಿಣದ ಉಗ್ರಾಣಗಳಾಗಿರುವುದರಿಂದ ಎರಡೂ ಜೊತೆಗಿರುವುದೇ ಹೆಚ್ಚು. ಇವೆರಡನ್ನು ಬಿಡಿಸುವ ಗಣಿತವನ್ನು ಸೋಲ್‌ನ ಜಾಂಗ್‌ಹೋ ಲೀ ತಂಡ 2021ರಲ್ಲಿ ಪ್ರಕಟಿಸಿತು. ಅದು ಚುರುಕಾಗಿ ಹರಡುತ್ತಿದೆ.

ಇಲ್ಲಿನ ಇನ್ನೊಂದು ಆವಿಷ್ಕಾರ ಎಲ್ಲ ಪಂಥಗಳಿಗೂ ಮುಖ್ಯವಾದದ್ದು. ನಾಟಿಂಗ್‌ಹ್ಯಾಮಿನ ಸ್ಯಾಮ್ ವಾರ್ಟನ್ ಮತ್ತು ರಿಚರ್ಡ್ ಬೌಟೆಲ್ 2012ರಲ್ಲಿ ಮೈಲಿನ್ ಸುತ್ತಿದ ತಂತುವನ್ನು ಟೊಳ್ಳು ಕೊಳವೆಯೆಂದು ಭಾವಿಸಿ ಲೆಕ್ಕ ಹಾಕಿದಾಗ, ತಂತು ಯಂತ್ರದ ಕಾಂತಕ್ಷೇತ್ರಕ್ಕೆ ಯಾವ ಕೋನದಲ್ಲಿದೆ ಎಂಬುದರ ಮೇಲೆ ಸಂಕೇತ ಬದಲಾಗುವುದು ಕಂಡಿತು. ಮೈಲಿನ್ ನೀರಿನ ಪಾಲೂ ಹೀಗೆ ಕೋನಕ್ಕೆ ತಕ್ಕಂತೆ ಏರಿಳಿಯುತ್ತದೆ ಎಂದು ಮುಂದೆ ತಿಳಿಯಿತು. ಮೈಲಿನ್ ಸಮನಾಗಿರುವ ಎರಡು ತಂತುಕಟ್ಟುಗಳಲ್ಲಿ ಒಂದು ನೆಟ್ಟಗೆ, ಒಂದು ಅಡ್ಡಕ್ಕೆ ಹೋಗಿದ್ದರೆ ಅಂಕಿಗಳು ಬೇರೆಯಾಗಬಹುದು.

ನೀರಿನ ಓಡಾಟ ಮತ್ತು ಗಾರ್ ಮೀನು

ನೀರಿನ ಅಣುಗಳು ನರತಂತುವಿನ ಉದ್ದಕ್ಕೆ ಸಲೀಸಾಗಿ ಓಡಾಡುತ್ತವೆ, ಅಡ್ಡಕ್ಕೆ ಕಷ್ಟಪಡುತ್ತವೆ. ವಿಸರಣ ಎಂಆರ್‌ಐ ಅಳೆಯುವುದು ಇದನ್ನೇ. ಅಡ್ಡಕ್ಕೆ ತಡೆಯುವುದು ಮೈಲಿನ್ ಗೋಡೆಯೇ ಎಂದು ಮೊದಮೊದಲು ಸಹಜವಾಗಿಯೇ ಭಾವಿಸಿದ್ದರು. ಕ್ರಿಶ್ಚಿಯನ್ ಬೋಲ್ಯೂ ಮತ್ತು ಪೀಟರ್ ಆಲನ್ 1994ರಲ್ಲಿ ಗಾರ್ ಮೀನಿನ ನರಗಳನ್ನು ತೆಗೆದುಕೊಂಡರು. ಆ ಮೀನಿನ ವಾಸನೆಯ ನರಕ್ಕೆ ಮೈಲಿನ್ ಇಲ್ಲ. ಆದರೂ ನೀರಿನ ಓಡಾಟದಲ್ಲಿ ಉದ್ದಕ್ಕೂ ಅಡ್ಡಕ್ಕೂ ಇರುವ ವ್ಯತ್ಯಾಸ ಮೈಲಿನ್ ಇರುವ ನರದಷ್ಟೇ ಇತ್ತು. ತಂತುಗಳ ಪೊರೆಗಳೇ ಆ ಕೆಲಸಕ್ಕೆ ಸಾಕು. ಮುಂದೆ 2002ರಲ್ಲಿ ಶೆಂಗ್-ಕ್ವೇ ಸಾಂಗ್ ತಂಡ, ಹುಟ್ಟಿನಿಂದಲೇ ಮೈಲಿನ್ ಸರಿಯಾಗಿ ಕಟ್ಟಿಕೊಳ್ಳದ ಇಲಿಗಳಲ್ಲಿ ಅಡ್ಡ ಓಡಾಟ ಮಾತ್ರ ಹೆಚ್ಚಿದ್ದನ್ನು ಕಂಡಿತು. ಮೈಲಿನ್‌ಗೆ ಪಾತ್ರ ಇದೆ, ಅದೊಂದೇ ಅಲ್ಲ ಎಂಬುದು ಎರಡನ್ನೂ ಕೂಡಿಸಿದಾಗ ಬರುವ ಮಾತು. ಮನುಷ್ಯರ ಮಿದುಳಿನಲ್ಲಿ ತಂತುಗಳು ಒಂದನ್ನೊಂದು ಅಡ್ಡಹಾಯುವ ಜಾಗಗಳೇ ಹೆಚ್ಚಿರುವುದರಿಂದ ಈ ಅಳತೆಯನ್ನು ಮೈಲಿನ್ ಎಂದು ಓದಲು ಬರುವುದಿಲ್ಲ.

ಆದರೂ ಜನಪ್ರಿಯ ಬರಹಗಳಲ್ಲಿ ಈ ತಪ್ಪು ಎಲ್ಲೆಲ್ಲೂ ಇದೆ. ಆರು ವಾರ ಚೆಂಡುಗಳನ್ನು ಎಸೆದು ಹಿಡಿಯುವ ಕಸರತ್ತು ಕಲಿತವರ ಬಿಳಿ ದ್ರವ್ಯ ಬದಲಾಯಿತು ಎಂದು 2009ರಲ್ಲಿ ಆಕ್ಸ್‌ಫರ್ಡ್‌ನ ಯಾನ್ ಶೋಲ್ಟ್ಸ್ ತಂಡ ವರದಿ ಮಾಡಿತು. ಅಳೆದದ್ದು ವಿಸರಣವನ್ನು. ಕಲಿತರೆ ಮೈಲಿನ್ ಬೆಳೆಯುತ್ತದೆ ಎಂಬ ಸುದ್ದಿಯಾಗಿ ಅದು ಹರಡಿತು. ಕಲಿಕೆಗೆ ಹೊಸ ಮೈಲಿನ್ ಬೇಕು ಎಂಬುದಕ್ಕೆ ಗಟ್ಟಿ ಆಧಾರ ಬಂದದ್ದು 2014ರಲ್ಲಿ, ಇಲಿಗಳಲ್ಲಿ, ಕೋಶಗಳನ್ನೇ ನೋಡಿ.

ತಂತುವಿನ ದಪ್ಪಕ್ಕೂ ಹೊದಿಕೆ ಸೇರಿದ ಒಟ್ಟು ದಪ್ಪಕ್ಕೂ ಇರುವ ಅನುಪಾತವನ್ನು ಲೆಕ್ಕಹಾಕಲು ವಿಸರಣದ ಅಂಕಿಯನ್ನು ಮೈಲಿನ್‌ನ ಅಂಕಿಯ ಜೊತೆ ಸೇರಿಸುವವರೂ ಇದ್ದಾರೆ. ನಿಕೋಲಾ ಸ್ಟಿಕೊವ್ ಈ ದಾರಿಯ ಮೊದಲಿಗರು. ಕಲ್ಪನೆ ಸೊಗಸಾಗಿದೆ. ಮೈಲಿನ್‌ನ ಅಂಕಿ ತಪ್ಪಿದರೆ ಅದರ ಮೇಲೆ ಕಟ್ಟಿದ್ದೂ ತಪ್ಪುತ್ತದೆ ಎಂಬ ಎಚ್ಚರಿಕೆಯನ್ನು ಆ ಗುಂಪೇ ಬರೆದಿಟ್ಟಿದೆ.

ನೇರವಾಗಿ ಹಿಡಿಯುವ ಪ್ರಯತ್ನ

ನೀರನ್ನು ಬಿಟ್ಟು ಮೈಲಿನ್‌ನ ಕೊಬ್ಬಿನ ದನಿಯನ್ನೇ ಕೇಳಬಾರದೇಕೆ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಫೆಲಿಕ್ಸ್ ವೆರ್ಲಿ ತಂಡ 2012ರಲ್ಲಿ ಭಾರಜಲದ ಸಹಾಯದಿಂದ ಸಾಮಾನ್ಯ ನೀರಿನ ದನಿ ಅಡಗಿಸಿ, ಪೊರೆಯ ಅಣುಗಳ ಸಂಕೇತವನ್ನು ದಾಖಲಿಸಿತು. ಜೂರಿಕ್‌ನ ಇಟಿಎಚ್ ಸಂಸ್ಥೆಯಲ್ಲಿ ಮಾರ್ಕಸ್ ವೈಗರ್ ಮತ್ತು ಕ್ಲಾಸ್ ಪ್ರೂಸ್ಮನ್ ಅತಿ ಬಲದ ಗ್ರೇಡಿಯಂಟ್ ಸುರುಳಿಗಳನ್ನು ಕಟ್ಟಿ, ತರಂಗ ನಿಂತ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಕೇಳಿಸಿಕೊಳ್ಳುವ ಮಟ್ಟಕ್ಕೆ ಬಂದಿದ್ದಾರೆ. ಮಲ್ಟಿಪಲ್ ಸ್ಕ್ಲೀರೋಸಿಸ್ ಬಂದ ಮಿದುಳಿನ ಅಂಗಾಂಶದಲ್ಲಿ ಪೊರೆಯ ನಕ್ಷೆಯನ್ನೂ ಆ ಗುಂಪು 2023ರಲ್ಲಿ ಕೊಟ್ಟಿದೆ. ಇದೇ ಈ ಕ್ಷೇತ್ರದ ಅತ್ಯಂತ ಭರವಸೆಯ ತುದಿ ಎಂದು ನನಗನ್ನಿಸುತ್ತದೆ. ಮೈಲಿನ್ ಅಲ್ಲದ ಪೊರೆಗಳನ್ನು ಬೇರ್ಪಡಿಸುವುದು ಹೇಗೆ ಎಂಬ ಪ್ರಶ್ನೆ ಇಲ್ಲೂ ಇದೆ. ಅಂಥ ಸುರುಳಿಗಳು ಸಾಮಾನ್ಯ ಆಸ್ಪತ್ರೆಗಳಲ್ಲಿ ಇಲ್ಲ.

ಪರೀಕ್ಷಕರ ಪರೀಕ್ಷೆ

ಯಾವ ಗುರುತು ಮೇಲು ಎಂದು ತೀರ್ಮಾನಿಸಲು ಮಂಚಿನಿ, ಸ್ಟಿಕೊವ್ ಮೊದಲಾದವರು 2020ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಮರುವರ್ಷ ಆಲ್ಬರ್ಟೊ ಲಝಾರಿ ಮತ್ತು ಇಲೋನಾ ಲಿಪ್ ಬೇರೆಯೇ ಆದ ಸಮೀಕ್ಷೆ ನಡೆಸಿದರು. ಬಹುತೇಕ ವಿಧಾನಗಳು ಮೈಲಿನ್‌ನೊಂದಿಗೆ ಒಂದಿಷ್ಟು ಚೆನ್ನಾಗಿಯೇ ಹೊಂದುತ್ತವೆ. ಒಂದೇ ವಿಧಾನದ ಬೇರೆ ಬೇರೆ ಅಧ್ಯಯನಗಳ ನಡುವಿನ ಅಂತರ ವಿಧಾನ ವಿಧಾನಗಳ ನಡುವಿನ ಅಂತರವನ್ನು ಮುಚ್ಚಿಹಾಕುವಷ್ಟಿದೆ. ಗೆದ್ದದ್ದು ಇದೇ ಎಂದು ಯಾವ ವಿಧಾನವನ್ನೂ ಹೇಳಲಾಗಲಿಲ್ಲ.

ಕಾರಣ ಅಂಗಾಂಶದ ಕಡೆಯಲ್ಲೂ ಇದೆ. ಲಕ್ಸಾಲ್ ಫಾಸ್ಟ್ ಬ್ಲೂ ಕೊಬ್ಬನ್ನು ಹಿಡಿಯುತ್ತದೆ, ಪ್ರತಿಕಾಯದ ಬಣ್ಣಗಳು ಪ್ರೋಟೀನನ್ನು ಹಿಡಿಯುತ್ತವೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ದಪ್ಪವನ್ನು ತೋರಿಸುತ್ತದೆ ಆದರೆ ಸಾಸಿವೆ ಕಾಳಿಗಿಂತ ಚಿಕ್ಕ ಜಾಗದಲ್ಲಿ. ಫಾರ್ಮಲಿನ್‌ನಲ್ಲಿ ನೆನೆದ ಮಿದುಳಿನ ಟಿ-1, ಟಿ-2ಗಳು ಬದುಕಿದ್ದಾಗಿನವಲ್ಲ, ಉಷ್ಣತೆಯೂ ದೇಹದ್ದಲ್ಲ. ಹೆಚ್ಚಿನ ಹೋಲಿಕೆಗಳು ಇಲಿಗಳಲ್ಲಿ ನಡೆದವು. ಇವೆಲ್ಲಕ್ಕಿಂತ ಆಳದ ಅಡಚಣೆ ಬೇರೆ: ರೋಗದಲ್ಲಿ ಮೈಲಿನ್ ಕಡಿಮೆಯಾದಾಗ ತಂತುಗಳೂ ಕಡಿಮೆಯಾಗುತ್ತವೆ, ನೀರು ಹೆಚ್ಚುತ್ತದೆ. ಮೂರೂ ಒಟ್ಟಿಗೆ ಚಲಿಸುವಾಗ ಮೂರರಲ್ಲಿ ಯಾವುದನ್ನು ಅಳೆದರೂ ಮೈಲಿನ್‌ನೊಂದಿಗೆ ಹೊಂದಿಕೆ ಕಾಣುತ್ತದೆ. ಹೊಂದಿಕೆ ಸಿಕ್ಕಿತೆಂದ ಮಾತ್ರಕ್ಕೆ ನಿರ್ದಿಷ್ಟತೆ ಸಿಕ್ಕಿತೆಂದಲ್ಲ. ಒಂದನ್ನು ಮಾತ್ರ ಬದಲಿಸಿ ಉಳಿದೆರಡನ್ನು ಹಾಗೇ ಇಟ್ಟ ಪ್ರಯೋಗಗಳು, ಕಬ್ಬಿಣ ತೆಗೆದದ್ದು, ಗಾರ್ ಮೀನಿನ ನರ, ಇವು ನೂರು ಹೊಂದಿಕೆಗಳಿಗಿಂತ ಹೆಚ್ಚು ಕಲಿಸಿವೆ.

ಇಂಥ ಪರೀಕ್ಷೆಗಳನ್ನು ಮನುಷ್ಯರ ಅಂಗಾಂಶದಲ್ಲಿ ನಡೆಸಲು ಮಿದುಳು ದಾನ ಬೇಕು, ದಾನವಾದ ಮಿದುಳನ್ನು ಜೋಪಾನ ಮಾಡುವ ಜಾಗ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳಿನ ಅಂಗಾಂಶ ಭಂಡಾರವಿದೆ. ಸ್ಕ್ಯಾನರ್ ಮತ್ತು ಭಂಡಾರ ಒಂದೇ ಆವರಣದಲ್ಲಿರುವ ಇಂಥ ಸಂಸ್ಥೆಗಳು ಈ ವಾದಕ್ಕೆ ಕೊಡಬಹುದಾದದ್ದು ಬಹಳ. ಮಂಗಳೂರಿನಲ್ಲಿ ಲೇಖಾ ಪಂಡಿತ್ ಮತ್ತು ಸಹೋದ್ಯೋಗಿಗಳು ಮೈಲಿನ್ ನಾಶದ ರೋಗಗಳನ್ನು ವರ್ಷಗಳಿಂದ ದಾಖಲಿಸುತ್ತ ಬಂದಿದ್ದಾರೆ. ಬಿ-12 ಜೀವಸತ್ವದ ಕೊರತೆಯಿಂದ ಬೆನ್ನುಹುರಿಯ ಮೈಲಿನ್ ಹಾಳಾಗಿ ಕಾಲು ಜೋಮುಗಟ್ಟಿ ಬರುವ ರೋಗಿಗಳು ನಮ್ಮ ನರರೋಗ ವಿಭಾಗಗಳಿಗೆ ಹೊಸಬರಲ್ಲ. ಚಿಕಿತ್ಸೆಯಿಂದ ಚೇತರಿಸಿಕೊಳ್ಳಬಲ್ಲ ಅವರಲ್ಲಿ ಮೈಲಿನ್ ಮರಳುವುದನ್ನು ಅಳೆಯುವ ಅವಕಾಶವೂ ಇದೆ. ಸಂಶೋಧನೆಯ ಅಂಕಿಗಳೆಲ್ಲ ಬಹುಪಾಲು ಯುರೋಪ್, ಉತ್ತರ ಅಮೆರಿಕದ ಜನರಿಂದ ಬಂದಿರುವಾಗ ಇದು ಸಣ್ಣ ಮಾತಲ್ಲ.

ಇನ್ನೂ ಇತ್ಯರ್ಥವಾಗದ್ದು

ಒಂದು ಸಾಮಾನ್ಯ ಮಾನ ಇನ್ನೂ ಇಲ್ಲ. ನೀರಿನ ಪಾಲು, ಕಟ್ಟುಬಿದ್ದ ಪ್ರೋಟಾನ್‌ಗಳ ಪಾಲು, ಟಿ-1ರ ಸೆಕೆಂಡು ಇವುಗಳನ್ನು ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿ, ಇಷ್ಟು ಘನ ಮಿಲಿಮೀಟರ್ ಅಂಗಾಂಶದಲ್ಲಿ ಇಷ್ಟು ಮೈಲಿನ್ ಎಂದು ಹೇಳುವ ಸೂತ್ರವನ್ನು ಎಲ್ಲರೂ ಒಪ್ಪಿಲ್ಲ. ಬೇರೆ ಬೇರೆ ತಯಾರಕರ ಯಂತ್ರಗಳ ನಡುವೆ ಅಂಕಿ ಸಮವಾಗುವಂತೆ ಮಾಡುವ ಕೆಲಸ ಅರ್ಧದಲ್ಲಿದೆ. ಇಡೀ ಮಿದುಳಿನ ನೀರಿನ ಪಾಲು ಅಳೆಯಲು ಹಿಡಿಯುವ ಸುಮಾರು 15 ನಿಮಿಷ ಸಂಶೋಧಕರಿಗೆ ಅಲ್ಪ. ನಡುಕವಿರುವ ರೋಗಿಗೆ, ಹೊರಗೆ ಸಾಲು ಕಾಯುತ್ತಿರುವ ಸರ್ಕಾರಿ ಆಸ್ಪತ್ರೆಗೆ ಅದು ದೊಡ್ಡ ಬೆಲೆ. ಹೊರಪದರದಲ್ಲಿ ಮೈಲಿನ್ ಕಡಿಮೆ, ಅಲ್ಲಿ ನೀರಿನ ಪಾಲು ಕೆಲವೇ ಶೇಕಡಾ. ಮಲ್ಟಿಪಲ್ ಸ್ಕ್ಲೀರೋಸಿಸ್ ಅಲ್ಲಿಯೂ ಹಾನಿ ಮಾಡುತ್ತದೆ ಎಂದು ಗೊತ್ತಿರುವಾಗ ಅದನ್ನು ನಂಬಿಕೆಯಿಂದ ಅಳೆಯುವ ವಿಧಾನ ಯಾವುದೆಂಬುದು ತೆರೆದ ಪ್ರಶ್ನೆ. ಅಂಕಿ ಏರಿದಾಗ ಹೊಸ ಹೊದಿಕೆ ಬಂತೇ, ಇದ್ದ ಹೊದಿಕೆ ದಪ್ಪವಾಯಿತೇ, ಸಡಿಲಗೊಂಡ ಪದರಗಳು ಬಿಗಿಯಾದವೇ ಎಂದು ಬೇರ್ಪಡಿಸಲು ಇಂದಿನ ಯಾವ ವಿಧಾನಕ್ಕೂ ಆಗುವುದಿಲ್ಲ.

ಈ ಪ್ರಶ್ನೆಗಳು ತೀಕ್ಷ್ಣವಾಗುವುದು ಮೈಲಿನ್ ಮರುಕಟ್ಟುವ ಔಷಧಿಗಳ ಪರೀಕ್ಷೆಯಲ್ಲಿ. ಕೇಂಬ್ರಿಡ್ಜ್ ಕೇಂದ್ರವಾಗಿ ನಡೆದು 2021ರಲ್ಲಿ ಪ್ರಕಟವಾದ ಬೆಕ್ಸಾರೋಟಿನ್ ಪರೀಕ್ಷೆ ಮಚ್ಚೆಗಳ ಮ್ಯಾಗ್ನಟೈಸೇಶನ್ ಟ್ರಾನ್ಸ್‌ಫರ್ ಅನುಪಾತವನ್ನು, ಅಂದರೆ ಎರಡನೆಯ ಪಂಥದ ಹಳೆಯ ಅಳತೆಯನ್ನು, ಮುಖ್ಯ ಮಾನವಾಗಿ ಆರಿಸಿಕೊಂಡಿತ್ತು. ಆ ಮಾನದ ಪ್ರಕಾರ ಔಷಧಿ ಸೋತಿತು. ಕಣ್ಣಿನಿಂದ ಮಿದುಳಿಗೆ ಸಂಕೇತ ತಲುಪುವ ಕಾಲದಲ್ಲಿ ಮಾತ್ರ ಸುಧಾರಣೆಯ ಸುಳಿವು ಇತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಲೆಮಾಸ್ಟಿನ್ ಎಂಬ ಹಳೆಯ ಅಲರ್ಜಿ ಔಷಧಿಯನ್ನು 50 ರೋಗಿಗಳಿಗೆ ಕೊಟ್ಟು ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯ ಮುಖ್ಯ ಮಾನವೇ ಆ ಕಾಲ. ಅದು ಪ್ರತಿ ಕಣ್ಣಿಗೆ 1.7 ಮಿಲಿಸೆಕೆಂಡಿನಷ್ಟು ಕಡಿಮೆಯಾಯಿತು. ಅದೇ ರೋಗಿಗಳ ಸ್ಕ್ಯಾನ್‌ಗಳನ್ನು 2023ರಲ್ಲಿ ಮತ್ತೆ ವಿಶ್ಲೇಷಿಸಿ, ಎಡಬಲ ಅರ್ಧಗೋಳಗಳನ್ನು ಬೆಸೆಯುವ ಕಾರ್ಪಸ್ ಕ್ಯಾಲೊಸಮ್‌ನಲ್ಲಿ ಮೈಲಿನ್ ನೀರಿನ ಪಾಲು ಏರಿದ್ದನ್ನು ವರದಿ ಮಾಡಿದರು. ಒಂದು ಅಳತೆ ದೃಷ್ಟಿಯ ಹಾದಿಯದು, ಇನ್ನೊಂದು ಮಿದುಳಿನ ನಡುವಿನದು. ಒಂದು ವೇಗದ್ದು, ಇನ್ನೊಂದು ವಸ್ತುವಿನದು. ಒಂದೇ ರೋಗಿಯ ಒಂದೇ ಹಾದಿಯಲ್ಲಿ ನೀರಿನ ಪಾಲು ಶೇಕಡಾ ಎಷ್ಟು ಏರಿದರೆ ಸಂಕೇತ ಎಷ್ಟು ಬೇಗ ತಲುಪಬೇಕು ಎಂಬ ಸಂಬಂಧವನ್ನು ಯಾರೂ ಇನ್ನೂ ಖಚಿತವಾಗಿ ಕಟ್ಟಿಕೊಟ್ಟಿಲ್ಲ. ಮುಂದಿನ ಔಷಧಿ ಪರೀಕ್ಷೆಗಳು ಈ ಎರಡರಲ್ಲಿ ಯಾವುದನ್ನು ಮುಖ್ಯ ಮಾನವಾಗಿ ಹಿಡಿಯಬೇಕು ಎಂಬುದರ ಮೇಲೂ ಒಮ್ಮತವಿಲ್ಲ.